ಕೆಂಪು: ಸೊನ್ನೆ

ಗೋಥೆನ್‌ಬರ್ಗ್, ಫೆಬ್ರವರಿ.
ಮಧ್ಯಾಹ್ನ ಮೂರೂವರೆಗೇ ಕಿಟಕಿ ನೀಲಿಗಟ್ಟಿದೆ.
ಹನ್ನೊಂದನೇ ಕೋಣೆಯಲ್ಲಿ ಹೀಟರಿನ ಒಣ ಉಸಿರು,
ಅದರೆದುರು ಅಂಗಿ ಕಳಚಿ ಕೂತ ಯಾಫೆತ್, ಮೂರು ವರ್ಷ.
ಎರಡೂ ಕೈಗೆ ಕಾಲುಚೀಲ.

"ಕೈಗೇಕೆ?" ಎಂದುಬಿಟ್ಟೆ.
ಅವನಮ್ಮ ಲೆತೆಬ್ರಹಾನ್ ನನ್ನನ್ನು ನೋಡಿದ ರೀತಿಗೆ
ಪ್ರಶ್ನೆ ನಾಚಿ ನನ್ನ ಬಾಯಿಗೇ ಮರಳಿತು.

ಮೇಜಿನ ಮೇಲೆ ಫೋನು. ಅದರೊಳಗೊಬ್ಬ ದುಭಾಷಿ,
ಮಾಲ್ಮೋದ ಯಾವುದೋ ಅಡುಗೆಮನೆಯಿಂದ;
ಹಿಂದೆ ಪಾತ್ರೆ ತೊಳೆಯುವ ಸದ್ದು.
ಮೊದಲ ಹಾಳೆ ಹೆಸರಿಡುವುದಕ್ಕೆ.
ತುರಿಕೆ ಇದೆಯೆ? ಇದ್ದರೆ ಮಾತ್ರ ಮುಂದಿನ ಸಾಲು.
ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ? ಹೌದು.
ಮೈಯೆಲ್ಲ ಒಣಕಲೆ? ಹೌದು.
ಮನೆಯಲ್ಲಿ ಯಾರಿಗಾದರೂ ಉಬ್ಬಸ?
ಅಪ್ಪನಿಗಿದೆ, ಎಂದಿತು ಫೋನು.
ಪಾತ್ರೆಗಳು ಒಂದು ಕ್ಷಣ ನಿಂತವು.
ಕ್ಷಮಿಸಿ, ಅಪ್ಪನಿಗಿತ್ತು.
ಮೂರು ಸಿಕ್ಕರೆ ಸಾಕು. ನಾಲ್ಕು ಸಿಕ್ಕಿತು.
ಇಸುಬು, ಎಂದು ಬರೆದೆ. ಮೂರು ವರ್ಷದಿಂದ
ಅವಳಿಗೆ ಗೊತ್ತಿದ್ದುದಕ್ಕೆ ನನ್ನ ಸಹಿ.

ಎರಡನೇ ಹಾಳೆ ಅಳತೆಗೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ;
ಇಲ್ಲಿ ಹುಣ್ಣಿಗೇ ಅಂಗೈ ಬೇಕು.
ಅವನ ಅಂಗೈ ಅವನ ಮೈಯ ನೂರರಲ್ಲೊಂದು ಪಾಲು.
ಒಂದು ಕಾಲುಚೀಲ ಬಿಚ್ಚಿ, ಆ ಪುಟ್ಟ ಕೈಯ ಗಾತ್ರವನ್ನು ಕಣ್ಣಲ್ಲಿಟ್ಟುಕೊಂಡು
ಬೆನ್ನು, ತೊಡೆ, ಕತ್ತು ಎಣಿಸಿದೆ. ಮೂವತ್ತನಾಲ್ಕು ಅಂಗೈ.
ಎಣಿಸಿ ಮುಗಿಯುವಷ್ಟರಲ್ಲಿ ಬಿಚ್ಚಿದ ಕೈ
ಹೊಟ್ಟೆಯ ಮೇಲೊಂದು ಹೊಸ ಗೀರು ಎಳೆದಾಗಿತ್ತು.

ಊತಕ್ಕೆ ಒಂದು. ರಸಿಕೆಗೆ ಒಂದು. ಗೀರಿಗೆ ಎರಡು.
ದಪ್ಪಗಟ್ಟಿದ ತೊಗಲಿಗೆ ಎರಡು. ಒಣಕಲಿಗೆ ಎರಡು.
ಕೆಂಪು?
ಗೋಡೆಯ ಪಟದಲ್ಲಿ ಕೆಂಪಿಗೆ ಮೂರು ಚಿತ್ರ,
ಮೂರರಲ್ಲೂ ಅದೇ ಹಾಲುಬಿಳಿ ತೋಳು.
ಪಟ ನೋಡಿದೆ, ಹುಡುಗನ ಕಡುಕಂದು ಮೈ ನೋಡಿದೆ.
ಸೊನ್ನೆ.

ಕೊನೆಗೆ ಹತ್ತು ಸೆಂಟಿಮೀಟರಿನ ಗೆರೆಗಳು:
ತುರಿಕೆ ಎಷ್ಟು, ಕೆಟ್ಟ ನಿದ್ದೆ ಎಷ್ಟು, ಗುರುತು ಹಾಕಿ.
ತುರಿಕೆಗೆ ಏಳು ಹಾಕಿದಳು.
ನಿದ್ದೆಯ ಗೆರೆಯ ಮೇಲೆ ಪೆನ್ನು ನಿಂತಿತು.
ಯಾರ ನಿದ್ದೆ, ಎಂದು ಕೇಳುತ್ತಿದ್ದಾರೆ, ಅಂದಿತು ಫೋನು.
ಮಗುವಿನದು ಮಾತ್ರ, ಅಂದೆ.
ಆರಕ್ಕೊಂದು ಗುರುತು. ಆಮೇಲೆ ಹಾಳೆ ದಾಟಿ
ಮೇಜಿನ ಮೇಲೊಂದು ಚುಕ್ಕೆ. ಅದು ಅವಳದು.

ಐದರಿಂದ ಭಾಗಿಸು, ಮೂರೂವರೆಯಿಂದ ಗುಣಿಸು, ಕೂಡು:
ನಲವತ್ತೇಳು ಪಾಯಿಂಟ್ ಎಂಟು.
ಮಧ್ಯಮ. ಐವತ್ತರ ಹೊಸಿಲಿಗೆ ಎರಡು ಬೆರಳು ಕಡಿಮೆ;
ಹೊಸಿಲಿನಾಚೆ ಬೇರೆ ಔಷಧ, ಬೇರೆ ಡಾಕ್ಟರು.
ಅದೇ ಮುಲಾಮು ಮುಂದುವರಿಸಿ, ಎನ್ನಲು ಬಾಯಿ ತೆರೆದೆ.

ಅವಳು ಮಾತಾಡಲಿಲ್ಲ.
ನನ್ನ ಮಣಿಕಟ್ಟು ಹಿಡಿದು, ಕೈಯ ಹಿಂಬದಿಯನ್ನು
ಅವನ ಮೊಣಕೈ ಮಡಿಕೆಗೆ ಒತ್ತಿದಳು.
ಈಗಷ್ಟೇ ಒಲೆಯಿಂದಿಳಿಸಿದ ಹೆಂಚು.
ಆಮೇಲೆ ಪಕ್ಕದ ಒಳ್ಳೆ ಚರ್ಮಕ್ಕೆ: ತಣ್ಣಗೆ.
ಮತ್ತೆ ಮಡಿಕೆಗೆ.
ದೀಪ ಹತ್ತಿರಕ್ಕೆ ಎಳೆದು ಬಾಗಿ ನೋಡಿದೆ.
ಕಂದಿನ ಅಡಿಯಲ್ಲಿ ನೇರಳೆ, ಮಾಗಿದ ನೇರಳೆಹಣ್ಣಿನ ನೇರಳೆ,
ಅಂಚು ಎಲ್ಲಿ ಮುಗಿಯುತ್ತದೆಂದು ಕಾಣುವಷ್ಟು ಸ್ಪಷ್ಟ.
ಹನ್ನೆರಡು ವರ್ಷ ಕೆಂಪು ಹುಡುಕಿದ್ದೆ ನಾನು,
ಕೆಂಪಾಗಿಯೇ ಬರಬೇಕೆಂದು.

ಸೊನ್ನೆಯ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ಎರಡು.
ಐವತ್ತನಾಲ್ಕು ಪಾಯಿಂಟ್ ಎಂಟು. ತೀವ್ರ.
ಅನುವಾದ ಕೇಳಿ ಲೆತೆಬ್ರಹಾನ್ ಏನೋ ಅಂದಳು.
ದುಭಾಷಿ ತಡವರಿಸಿದ:
"ಇದಕ್ಕೆ ಸಂತೋಷಪಡಬೇಕೆ, ಅನ್ನುತ್ತಿದ್ದಾರೆ."
ಪಾತ್ರೆ ತೊಳೆಯುವುದು ಮತ್ತೆ ಶುರುವಾಗಿತ್ತು.

ಅವರು ಹೋದ ಮೇಲೆ ಕುರ್ಚಿಯ ಕೆಳಗೊಂದು ಕಾಲುಚೀಲ.
ಹಳದಿ ಬಾತುಕೋಳಿಗಳು, ತುದಿಯಲ್ಲಿ ನಾಲ್ಕು ತೂತು.
ಎಡಗೈಯದೋ ಬಲಗೈಯದೋ ತಿಳಿಯಲಿಲ್ಲ.
ಟ್ರಾಮ್ ನಿಲ್ದಾಣದವರೆಗೆ ಓಡಿದೆ, ಕೋಟಿಲ್ಲದೆ.